ಆಲ್ಫಾ 0.84 ಬಂದರೆ ಸಾಕಾ? ಸಂಶೋಧನಾ ಸಾಧನದ ಸಿಂಧುತ್ವ, ವಿಶ್ವಾಸಾರ್ಹತೆ ನೋಡುವ ಕ್ರಮ

ಸಂಶೋಧನಾ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಮುಕ್ಕಾಲು ಪಾಲು ಜನ ಒಂದೇ ಸಾಲು ಬರೆದು ಮುಂದೆ ಹೋಗುತ್ತಾರೆ: "ಪ್ರಶ್ನಾವಳಿಯ ಕ್ರೋನ್‌ಬಾಕ್ ಆಲ್ಫಾ 0.84 ಇದ್ದುದರಿಂದ ಸಾಧನವು ಸಿಂಧು ಹಾಗೂ ವಿಶ್ವಾಸಾರ್ಹವೆಂದು ದೃಢಪಟ್ಟಿತು." ಪ್ರಶ್ನಾವಳಿಯ ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡು ನಡೆಯುತ್ತವೆ ಅಂತ ಹೇಳುವ ಅಂಕಿ ಈ ಆಲ್ಫಾ. ಆ ಸಾಲನ್ನು ನಾನೂ ಬರೆದಿದ್ದೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ಆ ಸಾಲಿನ ಮೇಲೆ ಬೆರಳಿಟ್ಟು, "ವಿಶ್ವಾಸಾರ್ಹ ಅನ್ನೋದು ಸರಿ, ಸಿಂಧು ಅಂತ ಈ ಅಂಕಿ ಎಲ್ಲಿ ಹೇಳ್ತು?" ಅಂತ ಕೇಳಿದರು. ನನ್ನ ಬಾಯಿ ಕಟ್ಟಿತು. ಆಮೇಲೆ ಕೂತು ಕಲಿತದ್ದನ್ನೆಲ್ಲ, ಆಗ ಯಾರಾದರೂ ಹೀಗೆ ಸಾಲಾಗಿ ಹೇಳಿಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಉದಾಹರಣೆಗೆ ಉದ್ದಕ್ಕೂ ಒಂದೇ ಸಾಧನ ಇಟ್ಟುಕೊಳ್ಳೋಣ. ವಿದ್ಯಾರ್ಥಿಗಳ ಪರೀಕ್ಷಾ ಆತಂಕ ಅಳೆಯುವ 20 ಹೇಳಿಕೆಗಳ ಪ್ರಶ್ನಾವಳಿ. ಪ್ರತಿ ಹೇಳಿಕೆಗೂ "ಖಂಡಿತ ಇಲ್ಲ"ದಿಂದ "ಖಂಡಿತ ಹೌದು"ವರೆಗೆ ಐದು ಆಯ್ಕೆ.

ಮೊದಲು ಈ ಎರಡು ಪದ

ವಿಶ್ವಾಸಾರ್ಹತೆ, ಅಂದರೆ ರಿಲಯಬಿಲಿಟಿ: ಅಳತೆ ಎಷ್ಟು ಸ್ಥಿರವಾಗಿದೆ ಅನ್ನುವುದು. ಅದೇ ವ್ಯಕ್ತಿ, ಅದೇ ಸ್ಥಿತಿ, ಇನ್ನೊಮ್ಮೆ ಅಳೆದರೆ ಅಂಕ ಎಷ್ಟು ಅಲ್ಲಾಡುತ್ತದೆ? ಸಿಂಧುತ್ವ, ಅಂದರೆ ವ್ಯಾಲಿಡಿಟಿ: ಆ ಅಂಕ ನೋಡಿ ನೀವು ಹೇಳುವ ಮಾತಿಗೆ ಎಷ್ಟು ಆಧಾರ ಇದೆ ಅನ್ನುವುದು. ಕೆಲವು ಕನ್ನಡ ಪಠ್ಯಗಳಲ್ಲಿ ಇದನ್ನೇ ಸಪ್ರಮಾಣತೆ ಅಂತಲೂ ಕರೆಯುತ್ತಾರೆ, ಗೊಂದಲ ಬೇಡ.

ತಕ್ಕಡಿಯ ಉದಾಹರಣೆ ಎಲ್ಲರೂ ಕೊಡುತ್ತಾರೆ, ನಾನು ಬೇರೆ ಹೇಳುತ್ತೇನೆ. 1890ರಲ್ಲಿ ಜೇಮ್ಸ್ ಮೆಕೀನ್ ಕ್ಯಾಟೆಲ್ ಎಂಬ ಅಮೆರಿಕದ ಮನೋವಿಜ್ಞಾನಿ "ಮಾನಸಿಕ ಪರೀಕ್ಷೆಗಳು" ಅಂತ ಹತ್ತು ಅಳತೆಗಳ ಪಟ್ಟಿ ಪ್ರಕಟಿಸಿದರು. ಕೈ ಹಿಡಿತದ ಬಲ, ಶಬ್ದ ಕೇಳಿದ ಮೇಲೆ ಪ್ರತಿಕ್ರಿಯೆಗೆ ಹಿಡಿಯುವ ಸಮಯ, ಚರ್ಮಕ್ಕೆ ತಾಗಿದ ಎರಡು ಮೊನೆಗಳು ಬೇರೆ ಬೇರೆ ಅಂತ ಗೊತ್ತಾಗಲು ಅವುಗಳ ನಡುವೆ ಎಷ್ಟು ಅಂತರ ಬೇಕು, ಇಂಥವೇ. ಎಲ್ಲ ಉಪಕರಣ ಇಟ್ಟು ಅಳೆದದ್ದು, ಊಹೆಯ ಮಾತೇ ಇಲ್ಲ. 1901ರಲ್ಲಿ ಅವರದೇ ಶಿಷ್ಯ ಕ್ಲಾರ್ಕ್ ವಿಸ್ಲರ್ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಈ ಅಳತೆಗಳನ್ನು ಅವರ ಕಾಲೇಜು ಅಂಕಗಳ ಪಕ್ಕದಲ್ಲಿಟ್ಟು ನೋಡಿದರೆ ಸಂಬಂಧ ಹೆಚ್ಚುಕಮ್ಮಿ ಸೊನ್ನೆ. ಅಳತೆಗೆ ಸೆಕೆಂಡಿನ ಚೂರುಗಳ ಲೆಕ್ಕ ಇತ್ತು, ಆದರೆ "ಇದು ಬುದ್ಧಿ" ಅನ್ನುವುದಕ್ಕೆ ಆಧಾರ ಇರಲಿಲ್ಲ. ಈ ಕತೆಗೆ ಇನ್ನೊಂದು ತಿರುವಿದೆ, ಎಂಟನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಇನ್ನೊಂದು ಮಾತು ಈಗಲೇ ತಲೆಯಲ್ಲಿರಲಿ. ಈ ಎರಡೂ ಗುಣ ಪ್ರಶ್ನಾವಳಿಯ ಹಾಳೆಗೆ ಅಂಟಿಕೊಂಡು ಬರುವುದಿಲ್ಲ. ಯಾರ ಮೇಲೆ ಬಳಸಿದಿರಿ, ಯಾತಕ್ಕೆ ಬಳಸಿದಿರಿ ಅನ್ನುವುದರ ಮೇಲೆ ನಿಂತಿರುತ್ತವೆ. ಪದವಿ ವಿದ್ಯಾರ್ಥಿಗಳಲ್ಲಿ ಚೆನ್ನಾಗಿ ನಡೆದ ಪ್ರಶ್ನಾವಳಿ ಏಳನೇ ತರಗತಿಯ ಮಕ್ಕಳ ಕೈಯಲ್ಲಿ ಮುಗ್ಗರಿಸಬಹುದು. "ವ್ಯಾಲಿಡೇಟ್ ಆದ ಟೂಲ್" ಅಂತ ಯಾರಾದರೂ ಹೇಳಿದರೆ "ಯಾರಲ್ಲಿ, ಯಾತಕ್ಕೆ?" ಅಂತ ಕೇಳಿ.

ಹೆಜ್ಜೆ 1: ಅಳೆಯೋದು ಏನು ಅಂತ ಬರೆಯಿರಿ

ಕಂಪ್ಯೂಟರ್ ಮುಚ್ಚಿಡಿ, ಒಂದು ಹಾಳೆ ತಗೊಳ್ಳಿ. ಪರೀಕ್ಷಾ ಆತಂಕ ಅಂದರೆ ನಿಮ್ಮ ಅಧ್ಯಯನದಲ್ಲಿ ಏನು? ಮನಸ್ಸಿನಲ್ಲಿ ಸುತ್ತುವ ಯೋಚನೆಯಾ, ಎದೆ ಢವಢವ ಅನ್ನುವುದಾ, ಓದುವುದನ್ನೇ ಮುಂದೂಡುವುದಾ, ಮೂರೂನಾ? ಪರೀಕ್ಷೆಯ ಹಿಂದಿನ ರಾತ್ರಿಯದಾ ಅಥವಾ ವರ್ಷವಿಡೀ ಇರುವ ಸ್ವಭಾವದ ಮಾತಾ? ಯಾವುದು ಇದರಲ್ಲಿ ಸೇರುವುದಿಲ್ಲ? ಸಾಮಾನ್ಯ ಆತಂಕ, ಖಿನ್ನತೆ, ಓದಿಲ್ಲದ ಕಾರಣಕ್ಕೆ ಬರುವ ನ್ಯಾಯವಾದ ಹೆದರಿಕೆ, ಇವುಗಳಿಂದ ಅದನ್ನು ಹೇಗೆ ಬೇರೆ ಮಾಡುತ್ತೀರಿ?

ಐದಾರು ಸಾಲು ಸಾಕು. ಆದರೆ ಈ ಸಾಲುಗಳಿಲ್ಲದೆ ಮುಂದಿನ ಯಾವ ಹೆಜ್ಜೆಗೂ ಅರ್ಥ ಇಲ್ಲ, ಯಾಕೆಂದರೆ ತಜ್ಞರು ಹೇಳಿಕೆಗಳನ್ನು ಯಾವುದರ ಜೊತೆ ಹೋಲಿಸಿ ನೋಡಬೇಕು, ಯಾವ ಗುಂಪಿಗೆ ಜಾಸ್ತಿ ಅಂಕ ಬರಬೇಕು, ಯಾವುದರ ಜೊತೆ ಸಂಬಂಧ ಇರಬಾರದು ಅನ್ನುವುದೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಹೆಜ್ಜೆ 2: ಇರುವ ಸಾಧನ ಸಿಗುತ್ತದಾ ನೋಡಿ

ಹೊಸದಾಗಿ ಪ್ರಶ್ನಾವಳಿ ಕಟ್ಟುವುದು ಅನಿಸಿದಷ್ಟು ಸುಲಭ ಅಲ್ಲ. ಒಳ್ಳೆಯದು ಈಗಾಗಲೇ ಇದ್ದರೆ ಅದನ್ನೇ ಬಳಸಿ. ಬಳಸುವ ಮೊದಲು ರಚಿಸಿದವರ ಅನುಮತಿ ಕೇಳಿ, ಇಮೇಲ್ ಸಾಕು, ಆ ಉತ್ತರವನ್ನು ಜೋಪಾನವಾಗಿಡಿ. ಕೆಲವು ಸಾಧನಗಳಿಗೆ ಹಣ ಕೊಡಬೇಕಾಗುತ್ತದೆ.

ಅನುವಾದ ಮಾಡುವುದಾದರೆ ಎಚ್ಚರ. ರೂಢಿಯಲ್ಲಿರುವ ಕ್ರಮ ಹೀಗೆ: ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರುವುದು, ಎರಡನ್ನೂ ಕೂಡಿಸಿ ಒಂದು ಮಾಡುವುದು, ಮೂಲ ನೋಡಿರದ ಮೂರನೆಯವರು ಅದನ್ನು ಮತ್ತೆ ಮೂಲ ಭಾಷೆಗೆ ತರುವುದು, ಎಲ್ಲಿ ಅರ್ಥ ಜಾರಿತು ಅಂತ ಸೇರಿ ನೋಡುವುದು. ಹೀಗೆ ಹಿಂದಕ್ಕೆ ಅನುವಾದ ಮಾಡುವ ಪದ್ಧತಿ ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ಬರೆದ ಲೇಖನದಿಂದ ಜನಪ್ರಿಯವಾಯಿತು. ಆದರೆ ಇದೊಂದನ್ನೇ ನಂಬಬೇಡಿ. ಪದಕ್ಕೆ ಪದ ಇಟ್ಟ ಕೆಟ್ಟ ಅನುವಾದವೂ ಹಿಂದಕ್ಕೆ ಹೋಗುವಾಗ ಸೊಗಸಾಗಿ ಹೋಗುತ್ತದೆ! ಇಂಗ್ಲಿಷಿನ "ಬಟರ್‌ಫ್ಲೈಸ್ ಇನ್ ದ ಸ್ಟಮಕ್" ಅನ್ನುವುದನ್ನು ಹೊಟ್ಟೆಯಲ್ಲಿ ಚಿಟ್ಟೆ ಹಾರುತ್ತದೆ ಅಂತ ಬರೆದರೆ ಹಿಂದಿರುಗಿಸುವವರು ಅದನ್ನು ಕರಾರುವಾಕ್ಕಾಗಿ ಹಿಂದಿರುಗಿಸುತ್ತಾರೆ, ಓದುವ ಹುಡುಗನಿಗೆ ಮಾತ್ರ ತಲೆಬುಡ ತಿಳಿಯುವುದಿಲ್ಲ. "ಹೊಟ್ಟೆ ತೊಳಸಿದಂತಾಗುತ್ತದೆ" ಅಂದಿದ್ದರೆ ತಿಳಿಯುತ್ತಿತ್ತು. ಅನುವಾದವಾದ ಸಾಧನ ಹೊಸ ಸಾಧನವೇ ಅಂತ ಲೆಕ್ಕ ಇಟ್ಟುಕೊಂಡು ಕೆಳಗಿನ ಹೆಜ್ಜೆಗಳನ್ನು ಮತ್ತೆ ಮಾಡಿ.

ಹೆಜ್ಜೆ 3: ಹೇಳಿಕೆ ಬರೆಯಿರಿ, ತಜ್ಞರಿಗೆ ಕೊಡಿ

20 ಬೇಕಿದ್ದರೆ 40 ಬರೆಯಿರಿ. ಅರ್ಧ ಉದುರಿ ಹೋಗುತ್ತವೆ. "ಪರೀಕ್ಷೆ ಹತ್ತಿರ ಬಂದಾಗ ನನಗೆ ನಿದ್ದೆ ಬರುವುದಿಲ್ಲ ಮತ್ತು ಹಸಿವಾಗುವುದಿಲ್ಲ" ಅನ್ನುವಂಥ ಜೋಡಿ ಹೇಳಿಕೆ ಬೇಡ. ನಿದ್ದೆ ಚೆನ್ನಾಗಿ ಬಂದು ಹಸಿವಷ್ಟೇ ಹೋದವನು ಎಲ್ಲಿ ಟಿಕ್ ಹಾಕಬೇಕು? "ಇಲ್ಲದೇ ಇರುವುದಿಲ್ಲ" ತರದ ಎರಡು ನಕಾರವೂ ಬೇಡ.

ಈಗ ತಜ್ಞರು. ಇದು ವಿಷಯ ಸಿಂಧುತ್ವ, ಅಂದರೆ ಕಂಟೆಂಟ್ ವ್ಯಾಲಿಡಿಟಿ. ಸುಮ್ನೆ ಹಾಳೆ ಕೊಟ್ಟು "ನೋಡಿ ಹೇಳಿ ಸರ್" ಅಂದರೆ "ಚೆನ್ನಾಗಿದೆ, ಮುಂದುವರಿಸಿ" ಅನ್ನುವ ಉತ್ತರ ಬರುತ್ತದೆ, ಅದರಿಂದ ಉಪಯೋಗ ಇಲ್ಲ. ಮೊದಲ ಹೆಜ್ಜೆಯಲ್ಲಿ ಬರೆದ ವ್ಯಾಖ್ಯೆಯನ್ನು ಮೇಲೆ ಹಾಕಿ, ಪ್ರತಿ ಹೇಳಿಕೆಯ ಮುಂದೆ 1ರಿಂದ 4ರವರೆಗೆ ಎಷ್ಟು ಪ್ರಸ್ತುತ ಅಂತ ಅಂಕ ಕೇಳಿ, ಪಕ್ಕದಲ್ಲಿ ಟಿಪ್ಪಣಿಗೆ ಜಾಗ ಬಿಡಿ. ಏನು ಬಿಟ್ಟುಹೋಗಿದೆ ಅಂತ ಕೊನೆಯಲ್ಲಿ ಕೇಳುವುದನ್ನು ಮರೆಯಬೇಡಿ.

ಲೆಕ್ಕ ಸರಳ. 3 ಅಥವಾ 4 ಕೊಟ್ಟ ತಜ್ಞರ ಸಂಖ್ಯೆಯನ್ನು ಒಟ್ಟು ತಜ್ಞರಿಂದ ಭಾಗಿಸಿದರೆ ಆ ಹೇಳಿಕೆಯ ಸಿವಿಐ, ಅಂದರೆ ಕಂಟೆಂಟ್ ವ್ಯಾಲಿಡಿಟಿ ಇಂಡೆಕ್ಸ್. ಆರು ಜನರಲ್ಲಿ ಐವರು ಒಪ್ಪಿದರೆ 0.83. ಮೇರಿ ಲಿನ್ 1986ರಲ್ಲಿ ಹೇಳಿದ ಪ್ರಕಾರ ಐವರು ಅಥವಾ ಕಮ್ಮಿ ತಜ್ಞರಿದ್ದರೆ ಎಲ್ಲರೂ ಒಪ್ಪಬೇಕು, ಆರು ಅಥವಾ ಜಾಸ್ತಿ ಇದ್ದರೆ 0.78ರ ಆಸುಪಾಸು ಸಾಕು. ಇನ್ನೊಂದು ದಾರಿ ಲಾಶೆ ಅವರದ್ದು, 1975ರ ಸಿವಿಆರ್, ಅಂದರೆ ಕಂಟೆಂಟ್ ವ್ಯಾಲಿಡಿಟಿ ರೇಶಿಯೊ. ಅಲ್ಲಿ "ಅಗತ್ಯ" ಅಂದವರ ಸಂಖ್ಯೆಯಿಂದ ತಜ್ಞರ ಅರ್ಧ ಸಂಖ್ಯೆ ಕಳೆದು, ಆ ಅರ್ಧದಿಂದಲೇ ಭಾಗಿಸಬೇಕು. ಹತ್ತರಲ್ಲಿ ಎಂಟು ಜನ ಅಗತ್ಯ ಅಂದರೆ 8ರಿಂದ 5 ಕಳೆದು 5ರಿಂದ ಭಾಗಿಸಿ, 0.60. ಹತ್ತು ಜನಕ್ಕೆ ಲಾಶೆ ಕೋಷ್ಟಕದ ಕನಿಷ್ಠ ಮಿತಿ 0.62. ಅಂದರೆ ಎಂಟು ಜನ ಒಪ್ಪಿದರೂ ಕೂದಲೆಳೆಯಲ್ಲಿ ಫೇಲು, ಒಂಬತ್ತು ಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಈ ಅಂಕಿಗಿಂತ ತಜ್ಞರು ಅಂಚಿನಲ್ಲಿ ಗೀಚಿದ ಟಿಪ್ಪಣಿಗಳಿಗೇ ಬೆಲೆ ಜಾಸ್ತಿ. ಇನ್ನು ಮುಖ ಸಿಂಧುತ್ವ, ಫೇಸ್ ವ್ಯಾಲಿಡಿಟಿ ಅನ್ನುವುದು "ನೋಡಲು ಸರಿ ಕಾಣುತ್ತದೆ" ಅನ್ನುವಷ್ಟೇ. ಅದನ್ನೇ ದೊಡ್ಡದಾಗಿ ಬರೆದುಕೊಳ್ಳಬೇಡಿ.

ಹೆಜ್ಜೆ 4: ಉತ್ತರಿಸುವವರ ಪಕ್ಕ ಕೂತು ಕೇಳಿ

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದು, ನನಗೆ ಅತಿ ಇಷ್ಟವಾದದ್ದೂ ಇದೇ. ನಿಮ್ಮ ಗುಂಪಿನಂಥವರೇ ಎಂಟು ಹತ್ತು ಜನರನ್ನು ಒಬ್ಬೊಬ್ಬರಾಗಿ ಕೂರಿಸಿಕೊಳ್ಳಿ. ಹೇಳಿಕೆ ಓದಲಿ, ಉತ್ತರಿಸುವಾಗ ತಲೆಯಲ್ಲಿ ಓಡುವುದನ್ನು ಬಾಯಿಬಿಟ್ಟು ಹೇಳಲಿ. "ಇದನ್ನು ನಿನ್ನ ಮಾತಲ್ಲಿ ಹೇಳು ನೋಡೋಣ", "ಮೂರು ಯಾಕೆ ಹಾಕಿದೆ, ನಾಲ್ಕು ಯಾಕೆ ಅಲ್ಲ?" ಅಂತ ಕೇಳಿ. ಕಾಗ್ನಿಟಿವ್ ಇಂಟರ್‌ವ್ಯೂ ಅನ್ನುವುದು ಇದಕ್ಕೇ.

ಏನೇನು ಹೊರಬರುತ್ತದೆ ಗೊತ್ತಾ? "ಟೆನ್ಶನ್" ಅನ್ನುವ ಪದ ಹಾಕಿದರೆ ಒಬ್ಬನಿಗೆ ಅದು ಹೆದರಿಕೆ, ಇನ್ನೊಬ್ಬನಿಗೆ ಸಿಟ್ಟು, ಮತ್ತೊಬ್ಬನಿಗೆ ಬರೀ ಗಡಿಬಿಡಿ. "ಆತಂಕ" ಅಂದರೆ ಚಿಕ್ಕ ಮಕ್ಕಳಿಗೆ ಅದು ಪುಸ್ತಕದ ಪದ, "ಭಯ" ಅಂದರೆ ಹುಡುಗರು ಒಪ್ಪಿಕೊಳ್ಳಲು ನಾಚುತ್ತಾರೆ. "ಕೆಲವೊಮ್ಮೆ" ಅನ್ನುವುದನ್ನು ಒಬ್ಬರು ವಾರಕ್ಕೆರಡು ಸಲ ಅಂತಲೂ ಇನ್ನೊಬ್ಬರು ವರ್ಷಕ್ಕೊಮ್ಮೆ ಅಂತಲೂ ತಿಳಿದಿರುತ್ತಾರೆ. ಯಾವ ಸಾಫ್ಟ್‌ವೇರೂ ಇದನ್ನು ಹಿಡಿದು ಕೊಡುವುದಿಲ್ಲ, ಎಲ್ಲರೂ ತಪ್ಪಾಗಿಯೇ, ಆದರೆ ಒಂದೇ ರೀತಿ ತಪ್ಪಾಗಿ ಅರ್ಥ ಮಾಡಿಕೊಂಡರೆ ಆಲ್ಫಾ ಚೆನ್ನಾಗಿಯೇ ಬರುತ್ತದೆ.

ಹೆಜ್ಜೆ 5: ಪೈಲಟ್ (ಪ್ರಾಯೋಗಿಕ ಸುತ್ತು), ಮತ್ತು ಹೇಳಿಕೆಗಳ ಜರಡಿ

ತಿದ್ದಿದ ಪ್ರಶ್ನಾವಳಿಯನ್ನು ನಿಜವಾದ ಅಧ್ಯಯನದಲ್ಲಿ ಸೇರದ ಒಂದು ಗುಂಪಿಗೆ ಕೊಡಿ. ಹೇಳಿಕೆ ಅರ್ಥವಾಗುತ್ತವಾ, ಎಷ್ಟು ಹೊತ್ತು ಹಿಡಿಯುತ್ತದೆ ಅಂತಷ್ಟೇ ನೋಡಲು 30 ಜನ ಸಾಕು. ಯಾವ ಹೇಳಿಕೆಗಳು ಒಟ್ಟಿಗೆ ಗುಂಪಾಗುತ್ತವೆ ಅಂತ ನೋಡುವ ಫ್ಯಾಕ್ಟರ್ ಅನಾಲಿಸಿಸ್ (ಏಳನೇ ಹೆಜ್ಜೆ) ಮಾಡುವ ಆಸೆ ಇದ್ದರೆ ಆ 30 ಏನೇನೂ ಸಾಲದು, ಕೆಲವು ನೂರು ಬೇಕು.

ಡೇಟಾ ಬಂದ ಕೂಡಲೇ ಆಲ್ಫಾ ಒತ್ತಬೇಡಿ. ಮೊದಲು ಕಣ್ಣಲ್ಲಿ ನೋಡಿ. ಇಪ್ಪತ್ತಕ್ಕೂ "3" ಹಾಕಿ ಹೋದವರು ಯಾರು? ಎಲ್ಲರೂ "ಖಂಡಿತ ಹೌದು" ಅಂದ ಹೇಳಿಕೆ ಯಾವುದು? ಅದು ಯಾರನ್ನೂ ಬೇರೆ ಮಾಡಿ ತೋರಿಸುವುದಿಲ್ಲ, ತೆಗೆಯಬಹುದು.

ಆಮೇಲೆ ತಿರುಗುಮುರುಗು ಹೇಳಿಕೆಗಳು. "ಪರೀಕ್ಷಾ ಕೊಠಡಿಯಲ್ಲಿ ನಾನು ನಿರಾಳವಾಗಿರುತ್ತೇನೆ" ಅನ್ನುವುದಕ್ಕೆ 5 ಹಾಕಿದವನ ಆತಂಕ ಕಮ್ಮಿ. ಹಾಗಾಗಿ 5ನ್ನು 1 ಮಾಡಿ, 4ನ್ನು 2 ಮಾಡಿ ಬದಲಿಸಬೇಕು. 6ರಿಂದ ಕಳೆದರೆ ಆಯಿತು. ನಾನು ಒಮ್ಮೆ ಇದನ್ನು ಮರೆತು, ಆಲ್ಫಾ 0.31 ಬಂತು ಅಂತ ಎರಡು ದಿನ ಊಟ ನಿದ್ದೆ ಬಿಟ್ಟು ಹೇಳಿಕೆಗಳನ್ನೇ ಬಯ್ಯುತ್ತಾ ಕೂತಿದ್ದೆ. ಆಲ್ಫಾ ತೀರಾ ಕಮ್ಮಿ ಅಥವಾ ಮೈನಸ್ ಬಂದರೆ ಮೊದಲು ನೋಡಬೇಕಾದ ಜಾಗ ಇದೇ.

ಇನ್ನು ಪ್ರತಿ ಹೇಳಿಕೆಗೂ ಉಳಿದ ಹೇಳಿಕೆಗಳ ಮೊತ್ತಕ್ಕೂ ಇರುವ ಸಹಸಂಬಂಧ (ಒಂದು ಏರಿದಾಗ ಇನ್ನೊಂದು ಎಷ್ಟು ಜೊತೆಗೆ ಏರುತ್ತದೆ ಅನ್ನುವ, ಮೈನಸ್ 1ರಿಂದ 1ರವರೆಗಿನ ಅಂಕಿ) ನೋಡಿ. ಸಾಫ್ಟ್‌ವೇರಿನಲ್ಲಿ ಕರೆಕ್ಟೆಡ್ ಐಟಂ-ಟೋಟಲ್ ಅಂತ ಬರುತ್ತದೆ. 0.3ಕ್ಕಿಂತ ಕಮ್ಮಿ ಇದ್ದರೆ ಅನುಮಾನಿಸಿ, ಆದರೆ ಕಣ್ಣುಮುಚ್ಚಿ ತೆಗೆಯಬೇಡಿ. ವ್ಯಾಖ್ಯೆಯ ಒಂದು ಭಾಗಕ್ಕೆ ಆ ಹೇಳಿಕೆಯೊಂದೇ ಆಧಾರವಾಗಿದ್ದರೆ ತೆಗೆದಾಗ ಆಲ್ಫಾ ಏರುತ್ತದೆ, ಸಿಂಧುತ್ವ ಇಳಿಯುತ್ತದೆ.

ಹೆಜ್ಜೆ 6: ವಿಶ್ವಾಸಾರ್ಹತೆ, ಯಾವ ತರದ್ದು ಬೇಕು?

ಇಲ್ಲಿ ಸ್ವಲ್ಪ ನಿಲ್ಲೋಣ. ತಪ್ಪು ಏನು ಅಂತ ಮೊದಲು ಕೇಳಿಕೊಳ್ಳಿ: ಅಂಕ ಅಲ್ಲಾಡುವುದು ಯಾವುದರಿಂದ? ಬೇರೆ ಹೇಳಿಕೆ ಆರಿಸಿದ್ದರೆ ಅಲ್ಲಾಡುತ್ತಿತ್ತಾ, ಬೇರೆ ದಿನ ಅಳೆದಿದ್ದರಾ, ಬೇರೆಯವರು ಅಂಕ ಕೊಟ್ಟಿದ್ದರಾ? ಒಂದೊಂದಕ್ಕೂ ಬೇರೆ ಬೇರೆ ಗುಣಾಂಕ. ಆಲ್ಫಾ ಮೊದಲನೆಯದಕ್ಕೆ ಮಾತ್ರ ಉತ್ತರ.

ಹೇಳಿಕೆಗಳ ಒಳಹೊಂದಾಣಿಕೆ. ಲೀ ಕ್ರೋನ್‌ಬಾಕ್ 1951ರಲ್ಲಿ ಆಲ್ಫಾ ಅಂತ ಹೆಸರಿಟ್ಟರು. ಅದೇ ಲೆಕ್ಕ ಲೂಯಿ ಗಟ್‌ಮನ್ 1945ರಲ್ಲೇ ಕೊಟ್ಟಿದ್ದರು, ಸರಿ-ತಪ್ಪು ಉತ್ತರಗಳಿಗೆ ಕೂಡರ್ ಮತ್ತು ರಿಚರ್ಡ್‌ಸನ್ 1937ರಲ್ಲೇ ಕೆಆರ್-20 ಕೊಟ್ಟಿದ್ದರು. ಅದು ಅವರ ಲೇಖನದ ಇಪ್ಪತ್ತನೇ ಸೂತ್ರ, ಹೆಸರಿನ ಗುಟ್ಟು ಅಷ್ಟೇ. ಆಲ್ಫಾ ಬಗ್ಗೆ ಎರಡು ವಿಷಯ ಲೆಕ್ಕ ಹಾಕಿಯೇ ನೋಡಿ.

ಒಂದು, ಹೇಳಿಕೆ ಜಾಸ್ತಿ ಮಾಡಿದರೆ ಆಲ್ಫಾ ತಾನಾಗಿ ಏರುತ್ತದೆ. ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ 0.3 ಅಂತಲೇ ಇಟ್ಟುಕೊಂಡರೆ 5 ಹೇಳಿಕೆಗೆ ಸುಮಾರು 0.68, 10ಕ್ಕೆ 0.81, 20ಕ್ಕೆ 0.90. ಗುಣಮಟ್ಟ ಒಂದಿಷ್ಟೂ ಬದಲಾಗಿಲ್ಲ, ಉದ್ದ ಮಾತ್ರ ಬದಲಾಯಿತು.

ಎರಡು, ಆಲ್ಫಾ ಜಾಸ್ತಿ ಬಂದರೆ ಹೇಳಿಕೆಗಳೆಲ್ಲ ಒಂದೇ ಗುಣವನ್ನು ಅಳೆಯುತ್ತಿವೆ ಅಂತ ಅಲ್ಲ. ಹತ್ತು ಹೇಳಿಕೆ ತಗೊಳ್ಳಿ. ಐದು ಪರೀಕ್ಷಾ ಆತಂಕದ್ದು, ಐದು ಅದಕ್ಕೆ ಏನೇನೂ ಸಂಬಂಧವಿಲ್ಲದ, ಸಂಗೀತದ ಆಸಕ್ತಿಯದ್ದು ಅಂತಿಟ್ಟುಕೊಳ್ಳಿ. ಗುಂಪಿನ ಒಳಗೆ ಸಹಸಂಬಂಧ 0.6, ಗುಂಪುಗಳ ನಡುವೆ ಸೊನ್ನೆ. ಒಟ್ಟು 45 ಜೋಡಿಗಳಲ್ಲಿ 20ಕ್ಕೆ ಮಾತ್ರ 0.6 ಇರುವುದರಿಂದ ಸರಾಸರಿ 0.27ರ ಹತ್ತಿರ ಬರುತ್ತದೆ, ಆಲ್ಫಾ 0.78. ಆತಂಕವನ್ನೂ ಸಂಗೀತವನ್ನೂ ಕೂಡಿಸಿದ ಅರ್ಥವಿಲ್ಲದ ಮೊತ್ತ, ಆದರೂ "ಉತ್ತಮ ವಿಶ್ವಾಸಾರ್ಹತೆ" ಅಂತ ಬರೆದುಬಿಡಬಹುದು!

ತೀರಾ ಜಾಸ್ತಿ, 0.95 ದಾಟಿದರೂ ಹಿಗ್ಗಬೇಡಿ. "ಪರೀಕ್ಷೆ ಅಂದರೆ ಭಯ", "ಪರೀಕ್ಷೆ ನೆನೆದರೆ ಹೆದರಿಕೆ", "ಪರೀಕ್ಷೆ ಬಂತೆಂದರೆ ದಿಗಿಲು" ಅಂತ ಒಂದನ್ನೇ ಮೂರು ಸಲ ಕೇಳಿರುತ್ತೀರಿ. ಎಷ್ಟಿರಬೇಕು ಹಾಗಾದರೆ? ಎಲ್ಲರೂ 0.70 ಅನ್ನುತ್ತಾರೆ. ಅದು ಜಮ್ ನನಲಿ 1978ರಲ್ಲಿ ಆರಂಭದ ಹಂತದ ಸಂಶೋಧನೆಗೆ ಹೇಳಿದ ಮಿತಿ. ಒಬ್ಬ ವ್ಯಕ್ತಿಯ ಬಗ್ಗೆ ಮುಖ್ಯ ನಿರ್ಧಾರ ತೆಗೆದುಕೊಳ್ಳುವುದಾದರೆ 0.90 ಕೂಡ ಕನಿಷ್ಠ, 0.95 ಇರಲಿ ಅಂತ ಅವರೇ ಹೇಳಿದ್ದರು. ಆ ಅರ್ಧ ಮಾತನ್ನು ಯಾರೂ ಉದ್ಧರಿಸುವುದಿಲ್ಲ. ಎಲ್ಲ ಹೇಳಿಕೆಗಳೂ ಸಮವಾಗಿ ಅಳೆಯುತ್ತವೆ ಅನ್ನುವ ಷರತ್ತು ಆಲ್ಫಾಗೆ ಇರುವುದರಿಂದ ಈಗ ಆ ಷರತ್ತು ಬೇಡದ ಮೆಕ್‌ಡೊನಾಲ್ಡ್ ಒಮೆಗಾವನ್ನೂ ಜೊತೆಗೆ ಕೊಡುವುದು ಒಳ್ಳೆಯದು. ಜಮೋವಿ, ಜ್ಯಾಸ್ಪ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ಎರಡೂ ಉಚಿತ, ಎರಡರಲ್ಲೂ ಒಂದು ಕ್ಲಿಕ್ಕಿನಲ್ಲಿ ಬರುತ್ತದೆ.

ಆಲ್ಫಾ ಬೇಡವೇ ಬೇಡ ಅನ್ನುವ ಜಾಗವೂ ಇದೆ. ಒತ್ತಡ ತರುವ ಘಟನೆಗಳ ಪಟ್ಟಿ ತಗೊಳ್ಳಿ: ಕೆಲಸ ಹೋಯಿತು, ಮನೆ ಬದಲಾಯಿತು, ಹತ್ತಿರದವರು ತೀರಿಕೊಂಡರು. ಇವು ಒಂದಕ್ಕೊಂದು ಹೊಂದಿಕೊಳ್ಳಬೇಕು ಅಂತ ಏನಿಲ್ಲ ಅಲ್ವಾ? ಮನೆ ಬದಲಿಸಿದವನ ಕೆಲಸವೂ ಹೋಗಿರಬೇಕಾ? ಇಲ್ಲಿ ಕಮ್ಮಿ ಆಲ್ಫಾ ದೋಷವೇ ಅಲ್ಲ.

ಸಮಯದ ಸ್ಥಿರತೆ. ಅದೇ ಜನರಿಗೆ ಎರಡು ವಾರದ ನಂತರ ಮತ್ತೆ ಕೊಡಿ. ತೀರಾ ಬೇಗ ಕೊಟ್ಟರೆ ಹಳೆಯ ಉತ್ತರ ನೆನಪಿರುತ್ತದೆ, ತಡ ಮಾಡಿದರೆ ಮನುಷ್ಯನೇ ಬದಲಾಗಿರುತ್ತಾನೆ. ನಮ್ಮ ಉದಾಹರಣೆಯಲ್ಲಿ ಎರಡನೇ ಸಲ ಪರೀಕ್ಷೆಯ ಮುನ್ನಾದಿನ ಬಿದ್ದರೆ ಅಂಕ ಏರುವುದು ಸಾಧನದ ತಪ್ಪಲ್ಲ. ಇಲ್ಲಿ ಪಿಯರ್ಸನ್ ಸಹಸಂಬಂಧ ಒಂದನ್ನೇ ಕೊಡಬೇಡಿ. ಎಲ್ಲರ ಅಂಕವೂ ಸರಿಯಾಗಿ ಐದೈದು ಏರಿದ್ದರೂ ಅದು 1.00 ಅಂತಲೇ ಹೇಳುತ್ತದೆ. ಪೂರ್ಣ ಹೊಂದಾಣಿಕೆ ನೋಡುವ ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಶನ್) ಬಳಸಿ, ಯಾವ ಮಾದರಿಯ ಐಸಿಸಿ ಅಂತಲೂ ಬರೆಯಿರಿ, ಯಾಕೆಂದರೆ ಅದರಲ್ಲಿ ಹಲವು ಬಗೆ ಇದೆ. ಟೆರಿ ಕೂ ಮತ್ತು ಮೇ ಲೀ 2016ರಲ್ಲಿ ಕೊಟ್ಟ ಮಿತಿ: 0.5ಕ್ಕಿಂತ ಕಮ್ಮಿ ಕಳಪೆ, 0.75ರವರೆಗೆ ಮಧ್ಯಮ, 0.9ರವರೆಗೆ ಒಳ್ಳೆಯದು, ಅದಕ್ಕೂ ಮೇಲೆ ಅತ್ಯುತ್ತಮ.

ಅಂಕ ಕೊಡುವವರ ಹೊಂದಾಣಿಕೆ. ಪ್ರಬಂಧ ತಿದ್ದುವುದು, ತರಗತಿಯಲ್ಲಿ ಕೂತು ಗಮನಿಸುವುದು, ಇಂಥಲ್ಲಿ ಇಬ್ಬರು ಬೇರೆ ಬೇರೆಯಾಗಿ ಅಂಕ ಕೊಟ್ಟು ಹೋಲಿಸಬೇಕು. "80 ಶೇಕಡಾ ಒಪ್ಪಿಗೆ ಇದೆ" ಅಂದರೆ ಸಾಲದು, ಸುಮ್ನೆ ಅದೃಷ್ಟದಿಂದಲೂ ಒಪ್ಪಿಗೆ ಬರುತ್ತದೆ. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಆ ಅದೃಷ್ಟದ ಪಾಲನ್ನು ಕಳೆಯುತ್ತದೆ.

ಲೆಕ್ಕ ನೋಡಿ. 100 ವಿದ್ಯಾರ್ಥಿಗಳು. ಇಬ್ಬರೂ "ಆತಂಕ ಇದೆ" ಅಂದದ್ದು 40, ಇಬ್ಬರೂ "ಇಲ್ಲ" ಅಂದದ್ದು 40, ಒಬ್ಬರು ಇದೆ ಇನ್ನೊಬ್ಬರು ಇಲ್ಲ ಅಂದದ್ದು ಎರಡೂ ಕಡೆ ಹತ್ತು ಹತ್ತು. ಒಪ್ಪಿಗೆ 0.80, ಅದೃಷ್ಟದ ಪಾಲು 0.50. 0.80ರಿಂದ 0.50 ಕಳೆದು, 1ರಿಂದ 0.50 ಕಳೆದು ಉಳಿದದ್ದರಿಂದ ಭಾಗಿಸಿದರೆ ಕಪ್ಪಾ 0.60. ಈಗ ಇನ್ನೊಂದು ನೂರು: ಇಬ್ಬರೂ "ಇದೆ" ಅಂದದ್ದು 80, ಇಬ್ಬರೂ "ಇಲ್ಲ" ಅಂದದ್ದು ಒಂದೂ ಇಲ್ಲ, ಭಿನ್ನ ಹತ್ತು ಹತ್ತು. ಒಪ್ಪಿಗೆ ಅದೇ 0.80. ಆದರೆ ಇಬ್ಬರೂ 90 ಶೇಕಡಾ "ಇದೆ" ಅನ್ನುವವರೇ ಆದ್ದರಿಂದ ಅದೃಷ್ಟದ ಪಾಲು 0.82, ಕಪ್ಪಾ ಮೈನಸ್ 0.11! ಹೀಗೆ ಒಂದು ಉತ್ತರವೇ ವಿಪರೀತ ಜಾಸ್ತಿ ಇದ್ದಾಗ ಕಪ್ಪಾ ಕುಸಿಯುತ್ತದೆ, ಹಾಗಾಗಿ ಕಪ್ಪಾ ಜೊತೆ ಆ ನಾಲ್ಕು ಮನೆಗಳ ಕೋಷ್ಟಕವನ್ನೂ ಕೊಡಿ. 0.61ರಿಂದ 0.80 "ಗಣನೀಯ" ಅನ್ನುವ ಪಟ್ಟಿ ಲ್ಯಾಂಡಿಸ್ ಮತ್ತು ಕಾಕ್ 1977ರಲ್ಲಿ ಕೊಟ್ಟದ್ದು. ಈ ಗೆರೆಗಳನ್ನು ನಾವೇ ಎಳೆದದ್ದು, ಇದಕ್ಕೆ ಬೇರೆ ಆಧಾರ ಇಲ್ಲ ಅನ್ನುವ ಅರ್ಥದ ಮಾತನ್ನು ಅವರೇ ಅಲ್ಲಿ ಬರೆದಿದ್ದಾರೆ.

ಕೊನೆಗೆ, ಗುಣಾಂಕವನ್ನು ಅಂಕಕ್ಕೆ ತಿರುಗಿಸಿ. ಪ್ರಮಾಣಿತ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವುದು) 8, ವಿಶ್ವಾಸಾರ್ಹತೆ 0.84 ಇದ್ದರೆ 1ರಿಂದ 0.84 ಕಳೆದು ಉಳಿದ 0.16ರ ವರ್ಗಮೂಲ 0.4, ಅದನ್ನು 8ರಿಂದ ಗುಣಿಸಿದರೆ 3.2. ಇದು ಅಳತೆಯ ಪ್ರಮಾಣಿತ ದೋಷ. ಎರಡೂ ಕಡೆ ಇದರ ಸುಮಾರು ಎರಡರಷ್ಟು ಬಿಟ್ಟರೆ, 60 ಅಂಕ ಬಂದ ಹುಡುಗಿಯ ನಿಜವಾದ ಅಂಕ ಸುಮಾರು 54ರಿಂದ 66ರ ನಡುವೆ ಎಲ್ಲಾದರೂ ಇರಬಹುದು. 0.84 ಬಹಳ ಚೆನ್ನಾಗಿ ಕಂಡಿತ್ತಲ್ಲ, ಈಗ? ಇನ್ನು ಕೌನ್ಸೆಲಿಂಗ್ ಆದ ಮೇಲೆ ಅವಳ ಅಂಕ ನಿಜವಾಗಿ ಇಳಿಯಿತು ಅನ್ನಬೇಕಾದರೆ ಎರಡೂ ಅಳತೆಗಳ ದೋಷ ಸೇರಿ ಸುಮಾರು 9 ಅಂಕದಷ್ಟು ಇಳಿದಿರಬೇಕು. ಐದು ಇಳಿದರೆ ಅದು ಬರೀ ಅಲ್ಲಾಟವೂ ಆಗಿರಬಹುದು.

ಹೆಜ್ಜೆ 7: ಒಳರಚನೆ ನೋಡಿ

ಯೋಚನೆ, ದೇಹ, ನಡವಳಿಕೆ ಅಂತ ಮೂರು ಭಾಗ ಇದೆ ಅಂತ ಮೊದಲ ಹೆಜ್ಜೆಯಲ್ಲಿ ಬರೆದಿದ್ದರೆ, ಉತ್ತರಗಳಲ್ಲೂ ಆ ಮೂರು ಗುಂಪು ಕಾಣಬೇಕು. ಅದನ್ನು ನೋಡುವುದೇ ಫ್ಯಾಕ್ಟರ್ ಅನಾಲಿಸಿಸ್. ಆತಂಕ-ಸಂಗೀತದ ಆ ಮೋಸವನ್ನು ಹಿಡಿಯುವುದೂ ಇದೇ. ರಚನೆ ಗೊತ್ತಿಲ್ಲದಿದ್ದರೆ ಹುಡುಕುವ ಬಗೆ, ಗೊತ್ತಿದ್ದರೆ ದೃಢೀಕರಿಸುವ ಬಗೆ. ಎರಡನ್ನೂ ಒಂದೇ ಡೇಟಾ ಮೇಲೆ ಮಾಡಬೇಡಿ, ಅದು ಪ್ರಶ್ನೆಪತ್ರಿಕೆ ನೋಡಿಕೊಂಡು ಪರೀಕ್ಷೆ ಬರೆದಂತೆ. ಎಷ್ಟು ಫ್ಯಾಕ್ಟರ್ ಅಂತ ತೀರ್ಮಾನಿಸಲು "ಐಗನ್ ಬೆಲೆ 1ಕ್ಕಿಂತ ಜಾಸ್ತಿ" ಅನ್ನುವ ಹಳೆಯ ನಿಯಮ ಬಿಡಿ (ಉತ್ತರಗಳ ವ್ಯತ್ಯಾಸದಲ್ಲಿ ಒಂದು ಫ್ಯಾಕ್ಟರಿನ ಪಾಲು ಎಷ್ಟು ಅನ್ನುವುದೇ ಐಗನ್ ಬೆಲೆ), ಅದು ಬೇಕಾದ್ದಕ್ಕಿಂತ ಜಾಸ್ತಿ ಫ್ಯಾಕ್ಟರ್ ಕೊಡುತ್ತದೆ. ಅಡ್ಡಾದಿಡ್ಡಿ ಅಂಕಿಗಳಲ್ಲಿ ಬರುವುದಕ್ಕಿಂತ ದೊಡ್ಡ ಫ್ಯಾಕ್ಟರುಗಳನ್ನಷ್ಟೇ ಉಳಿಸುವ, ಜಾನ್ ಹಾರ್ನ್ 1965ರಲ್ಲಿ ಕೊಟ್ಟ ಪ್ಯಾರಲಲ್ ಅನಾಲಿಸಿಸ್ ಬಳಸಿ.

ಹುಡುಗರು, ಹುಡುಗಿಯರು ಅಂತ ಹೋಲಿಸುವ ಉದ್ದೇಶ ಇದ್ದರೆ ಸಾಧನ ಎರಡೂ ಗುಂಪಿನಲ್ಲಿ ಒಂದೇ ರೀತಿ ನಡೆಯುತ್ತದಾ ಅಂತಲೂ ನೋಡಬೇಕು. "ಪರೀಕ್ಷೆ ನೆನೆದು ಅಳು ಬರುತ್ತದೆ" ಅನ್ನುವ ಹೇಳಿಕೆಗೆ ಅಷ್ಟೇ ಆತಂಕ ಇರುವ ಹುಡುಗ ಹೌದು ಅನ್ನದೇ ಇರಬಹುದು. ಆಗ ಅಂಕದ ವ್ಯತ್ಯಾಸ ಆತಂಕದ್ದೋ ಒಪ್ಪಿಕೊಳ್ಳುವ ಧೈರ್ಯದ್ದೋ ಹೇಗೆ ಹೇಳುತ್ತೀರಿ?

ಹೆಜ್ಜೆ 8: ಹೊರಗಿನ ಪುರಾವೆ

ವೈವಾದಲ್ಲಿ ನನ್ನ ಬಾಯಿ ಕಟ್ಟಿದ್ದು ಇಲ್ಲೇ. ಕ್ರೋನ್‌ಬಾಕ್ ಮತ್ತು ಪಾಲ್ ಮೀಲ್ 1955ರಲ್ಲಿ ಪರಿಕಲ್ಪನಾ ಸಿಂಧುತ್ವ, ಕನ್‌ಸ್ಟ್ರಕ್ಟ್ ವ್ಯಾಲಿಡಿಟಿ ಅಂತ ವಿವರಿಸಿದ್ದರ ತಿರುಳು ಇಷ್ಟು: ನೇರವಾಗಿ ಕಣ್ಣಿಗೆ ಕಾಣದ ಗುಣವನ್ನು ಅಳೆಯುತ್ತಿದ್ದೀರಿ ಅಂದರೆ, ಅದು ಯಾವುದರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಮೊದಲೇ ಹೇಳಿ, ಆಮೇಲೆ ಪರೀಕ್ಷಿಸಿ.

ಹಾಗಾಗಿ ಡೇಟಾ ಸಂಗ್ರಹಕ್ಕೂ ಮೊದಲೇ ಊಹೆಗಳನ್ನು ಬರೆದಿಡಿ. ನಮ್ಮ ಸಾಧನಕ್ಕೆ ನಾನು ಹೀಗೆ ಬರೆಯುತ್ತೇನೆ: ಈಗಾಗಲೇ ಬಳಕೆಯಲ್ಲಿರುವ ಇನ್ನೊಂದು ಪರೀಕ್ಷಾ ಆತಂಕದ ಮಾಪನಿಯ ಜೊತೆ ಬಲವಾದ ಸಂಬಂಧ ಇರಬೇಕು. ಸಾಮಾನ್ಯ ಆತಂಕದ ಜೊತೆ ಇರಬೇಕು, ಆದರೆ ಅದಕ್ಕಿಂತ ಕಮ್ಮಿ. ಪದಸಂಪತ್ತಿನ ಜೊತೆ ಹೆಚ್ಚುಕಮ್ಮಿ ಇರಬಾರದು, ಇದ್ದರೆ ನಮ್ಮ ಹೇಳಿಕೆಗಳ ಭಾಷೆ ಕಷ್ಟವಾಗಿದೆ ಅಂತ ಅರ್ಥ. ಪರೀಕ್ಷಾ ಭಯಕ್ಕೆಂದೇ ಕೌನ್ಸೆಲಿಂಗ್ ಕೇಳಿ ಬಂದವರ ಅಂಕ ಉಳಿದವರಿಗಿಂತ ಜಾಸ್ತಿ ಇರಬೇಕು. ಇದ್ದರೆ ಬಲ, ಇಲ್ಲದಿದ್ದರೆ ತಲೆಕೆಡಿಸಿಕೊಳ್ಳಬೇಕು. ಇರಬಾರದ ಸಂಬಂಧ ನಿಜಕ್ಕೂ ಇಲ್ಲ ಅಂತ ತೋರಿಸುವುದನ್ನು ಜನ ಮರೆಯುತ್ತಾರೆ. ಕ್ಯಾಂಪ್‌ಬೆಲ್ ಮತ್ತು ಫಿಸ್ಕ್ 1959ರಿಂದಲೂ ಇದನ್ನೇ ಒತ್ತಿ ಹೇಳಿದ್ದು. ಜೊತೆಗೆ ಎರಡೂ ಪ್ರಶ್ನಾವಳಿಯೇ ಆಗಿದ್ದರೆ ಪ್ರಶ್ನಾವಳಿ ತುಂಬುವ ರೀತಿಯೇ ಒಂದಿಷ್ಟು ಸಂಬಂಧ ಹುಟ್ಟಿಸುತ್ತದೆ. ಸಾಧ್ಯವಾದರೆ ಶಿಕ್ಷಕರ ಗಮನಿಕೆಯಂಥ ಬೇರೆ ಬಗೆಯ ಅಳತೆಯನ್ನೂ ಸೇರಿಸಿ.

ಮಾನದಂಡ ಸಿಂಧುತ್ವ ಅನ್ನುವುದು ಇದರದ್ದೇ ನೇರವಾದ ರೂಪ. ಅದೇ ಹೊತ್ತಿನ ಒಂದು ಮಾನದಂಡದ ಜೊತೆ ಹೋಲಿಸಿದರೆ ಸಮಕಾಲಿಕ, ಮುಂದೆ ಬರುವ ಫಲಿತಾಂಶದ ಜೊತೆಯಾದರೆ ಮುನ್ಸೂಚಕ.

ಈಗ ವಿಸ್ಲರ್ ಕತೆಯ ತಿರುವು. ಸಂಬಂಧ ಸೊನ್ನೆ ಬಂದದ್ದಕ್ಕೆ ಕ್ಯಾಟೆಲ್‌ರ ಕಲ್ಪನೆ ಒಂದೇ ಕಾರಣ ಅಲ್ಲ. ಎಲ್ಲರೂ ಆಯ್ದು ತೆಗೆದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಅವರ ನಡುವೆ ವ್ಯತ್ಯಾಸವೇ ಕಮ್ಮಿ. ಮೇಲಾಗಿ ಪ್ರತಿಕ್ರಿಯೆಯ ಸಮಯವನ್ನು ಒಬ್ಬೊಬ್ಬರಲ್ಲಿ ಬೆರಳೆಣಿಕೆಯಷ್ಟೇ ಸಲ ಅಳೆದದ್ದು, ಹಾಗಾಗಿ ಆ ಅಂಕ ಸ್ಥಿರವಾಗಿರಲಿಲ್ಲ. ಉಪಕರಣ ಕರಾರುವಾಕ್ಕಾಗಿತ್ತು, ವ್ಯಕ್ತಿಯ ಅಂಕ ಆಗಿರಲಿಲ್ಲ! ಅಳತೆ ಅಲ್ಲಾಡಿದರೆ ಸಂಬಂಧ ಕುಗ್ಗಿ ಕಾಣುತ್ತದೆ. ಎರಡು ಗುಣಗಳ ನಡುವೆ ನಿಜವಾದ ಸಹಸಂಬಂಧ 0.50 ಇದ್ದು, ಎರಡೂ ಸಾಧನಗಳ ವಿಶ್ವಾಸಾರ್ಹತೆ 0.60 ಇದ್ದರೆ ನಿಮಗೆ ಕಾಣುವುದು ಬರೀ 0.30. ಆದ್ದರಿಂದ ಈ ಹೆಜ್ಜೆಯಲ್ಲಿ ಸಂಬಂಧ ಕಮ್ಮಿ ಬಂದರೆ ಸಿದ್ಧಾಂತವನ್ನು ಬಯ್ಯುವ ಮೊದಲು ಆರನೇ ಹೆಜ್ಜೆಗೆ ಹಿಂದಿರುಗಿ, ಸ್ಯಾಂಪಲ್ ಯಾರು ಅಂತಲೂ ನೋಡಿ.

ಹೆಜ್ಜೆ 9: ಬರೆಯುವುದು ಹೇಗೆ

ಬೇರೆಯವರ ಆಲ್ಫಾವನ್ನು ತಂದು ಅಂಟಿಸಬೇಡಿ. ನಿಮ್ಮ ಸ್ಯಾಂಪಲ್ಲಿನದ್ದನ್ನು ಲೆಕ್ಕ ಹಾಕಿ ಕೊಡಿ, ಉಪಭಾಗಗಳಿದ್ದರೆ ಒಂದೊಂದಕ್ಕೂ ಬೇರೆ ಬೇರೆ ಕೊಡಿ, ಜೊತೆಗೆ 95 ಶೇಕಡಾ ವಿಶ್ವಾಸಾಂತರ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ, ಕಾನ್ಫಿಡೆನ್ಸ್ ಇಂಟರ್‌ವಲ್). ತೆಗೆದ ಹೇಳಿಕೆಗಳು ಯಾವುವು, ಯಾಕೆ ತೆಗೆದಿರಿ ಅಂತ ಮುಚ್ಚಿಡದೆ ಬರೆಯಿರಿ. "ಸಾಧನ ಸಿಂಧು" ಅನ್ನುವ ಬದಲು ಯಾವ ಬಳಕೆಗೆ ಯಾವ ಪುರಾವೆ ಸಿಕ್ಕಿತು, ಯಾವುದು ಸಿಗಲಿಲ್ಲ ಅಂತ ಹೇಳಿ. ಒಂದು ಮಾದರಿ ಕೊಡುತ್ತೇನೆ, ಅಂಕಿಗಳು ಕಾಲ್ಪನಿಕ, ನಿಮ್ಮದನ್ನು ತುಂಬಿಕೊಳ್ಳಿ:

"20 ಹೇಳಿಕೆಗಳ ಈ ಮಾಪನಿಯನ್ನು ಏಳು ತಜ್ಞರು ಪರಿಶೀಲಿಸಿದರು, ಎಲ್ಲ ಹೇಳಿಕೆಗಳ ಸಿವಿಐ 0.85 ಅಥವಾ ಹೆಚ್ಚು. ಒಂಬತ್ತು ವಿದ್ಯಾರ್ಥಿಗಳ ಸಂದರ್ಶನದ ನಂತರ ನಾಲ್ಕು ಹೇಳಿಕೆಗಳ ಭಾಷೆ ಬದಲಿಸಲಾಯಿತು. 312 ವಿದ್ಯಾರ್ಥಿಗಳಲ್ಲಿ ಮೂರು ಫ್ಯಾಕ್ಟರ್‌ಗಳ ರಚನೆ ಕಂಡುಬಂತು. ಉಪಭಾಗಗಳ ಒಮೆಗಾ 0.79, 0.83 ಮತ್ತು 0.71. 48 ವಿದ್ಯಾರ್ಥಿಗಳಲ್ಲಿ ಎರಡು ವಾರಗಳ ಅಂತರದ ಐಸಿಸಿ 0.81. ಸಾಮಾನ್ಯ ಆತಂಕದ ಜೊತೆಗಿನ ಸಹಸಂಬಂಧ 0.46, ನಿರೀಕ್ಷೆಯಂತೆ ಮಧ್ಯಮ ಮಟ್ಟದ್ದು. ಪರೀಕ್ಷಾ ಫಲಿತಾಂಶವನ್ನು ಮುಂಚಿತವಾಗಿ ಸೂಚಿಸುವ ಶಕ್ತಿಯನ್ನು ಈ ಅಧ್ಯಯನದಲ್ಲಿ ನೋಡಿಲ್ಲ, ಹಾಗಾಗಿ ಒಬ್ಬೊಬ್ಬ ವಿದ್ಯಾರ್ಥಿಯ ಬಗ್ಗೆ ನಿರ್ಧಾರ ತೆಗೆದುಕೊಳ್ಳಲು ಈ ಅಂಕವನ್ನು ಬಳಸಬಾರದು."

ಆ ಕೊನೆಯ ವಾಕ್ಯ ಬರೆಯಲು ಕೈ ಹಿಂಜರಿಯುತ್ತದೆ, ಗೊತ್ತು. ವೈವಾದಲ್ಲಿ ಪರೀಕ್ಷಕರ ಬೆರಳು ನೇರ ಅಲ್ಲಿಗೇ ಹೋಗುತ್ತದೆ, ಆದರೆ ಈ ಸಲ ಉತ್ತರ ನಿಮ್ಮ ಬಳಿ ಇರುತ್ತದೆ.